ಪರೀಕ್ಷೆಗೆ ಬಾರದ ಗೈಡು

ನಮ್ಮ ವಿದ್ಯಾರ್ಥಿಗಳಿಗೆ 'ಗೈಡ್' ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪಠ್ಯಪುಸ್ತಕಕ್ಕಿಂತ ದಪ್ಪನಾದ, ಪ್ರಶ್ನೆ ಅರ್ಥವಾಗುವ ಮೊದಲೇ ಉತ್ತರ ಹೇಳಿಬಿಡುವ, ಮಾರ್ಚಿ ತಿಂಗಳಲ್ಲಿ ದಿಂಬಿನ ಪಕ್ಕದಲ್ಲೇ ಮಲಗುವ ಪುಸ್ತಕ ಅದು. ಇಲ್ಲಿ ಹೇಳಹೊರಟಿರುವುದು ಬೇರೊಂದು ಗೈಡಿನ ವಿಷಯ. ಅದರಲ್ಲೂ ಉತ್ತರವಿದೆ, ಒಂದೇ ಒಂದು, ಅದೂ ಎರಡಂಕಿಯ ಸಂಖ್ಯೆ. ಆದರೆ ಅದು ಯಾವ ಪ್ರಶ್ನೆಯ ಉತ್ತರ ಎಂಬುದು ಮಾತ್ರ ಅದನ್ನು ಕಂಡುಹಿಡಿದವರಿಗೂ ಗೊತ್ತಿಲ್ಲ.

ಪುಸ್ತಕದ ಹೆಸರು 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ'. ಬರೆದವನು ಡಗ್ಲಸ್ ಆಡಮ್ಸ್ ಎಂಬ ಇಂಗ್ಲಿಷ್ ಲೇಖಕ. 1979ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪ್ಯಾನ್ ಬುಕ್ಸ್ ಇದನ್ನು ಕಾಗದದ ರಟ್ಟಿನ ಅಗ್ಗದ ಆವೃತ್ತಿಯಾಗಿ ಹೊರತಂದಿತು. ವಿಜ್ಞಾನ ಕಾದಂಬರಿ ಎಂದರೆ ಗಂಭೀರ ಮುಖದ ವಿಜ್ಞಾನಿಗಳು, ಲೋಕ ಉಳಿಸುವ ವೀರರು, ಭೀಕರ ಯಂತ್ರಗಳು ಎಂಬ ಕಲ್ಪನೆ ನಮ್ಮಲ್ಲಿ ಅನೇಕರಿಗೆ ಇದೆ. ಈ ಪುಸ್ತಕದಲ್ಲಿ ಲೋಕವನ್ನು ಯಾರೂ ಉಳಿಸುವುದಿಲ್ಲ. ಮೊದಲ ಕೆಲವು ಅಧ್ಯಾಯಗಳಲ್ಲೇ ಭೂಮಿ ಪುಡಿಯಾಗಿ ಹೋಗುತ್ತದೆ. ಅಲ್ಲಿಂದ ಮುಂದೆ ನಗುವುದಷ್ಟೇ ಕೆಲಸ.

ಭೂಮಿಗೂ ಒಂದು ಬೈಪಾಸ್

ಕಥಾನಾಯಕ ಆರ್ಥರ್ ಡೆಂಟ್ ಒಬ್ಬ ಸಾಧಾರಣ ಮನುಷ್ಯ. ಒಂದು ಗುರುವಾರ ಬೆಳಿಗ್ಗೆ ಎದ್ದು ನೋಡುತ್ತಾನೆ, ಮನೆಯ ಮುಂದೆ ಬುಲ್ಡೋಜರ್ ನಿಂತಿದೆ. ಊರಿಗೆ ಬೈಪಾಸ್ ರಸ್ತೆ ಬರಲಿದೆ, ಮನೆ ಕೆಡವಬೇಕು. ನನಗೆ ಯಾರೂ ತಿಳಿಸಲಿಲ್ಲವಲ್ಲ ಎಂದು ಅವನು ಕೂಗಾಡುತ್ತಾನೆ. ಅಧಿಕಾರಿಯ ಉತ್ತರ ಸಿದ್ಧವಾಗಿದೆ: ನಕ್ಷೆ ಒಂಬತ್ತು ತಿಂಗಳಿಂದ ಕಚೇರಿಯಲ್ಲಿ ಸಾರ್ವಜನಿಕರ ಅವಗಾಹನೆಗೆ ಇತ್ತು, ನೀವೇ ಬಂದು ನೋಡಲಿಲ್ಲ. ಎಲ್ಲಿತ್ತು? ನೆಲಮಾಳಿಗೆಯಲ್ಲಿ. ಅಲ್ಲಿ ದೀಪವಿಲ್ಲ, ಇಳಿಯಲು ಮೆಟ್ಟಿಲೂ ಇಲ್ಲ. ಬಳಕೆ ತಪ್ಪಿದ ಪಾಯಖಾನೆಯೊಳಗೆ, ಬೀಗ ಹಾಕಿದ ಬೀರುವಿನ ತಳದಲ್ಲಿ ನಕ್ಷೆ. ಬಾಗಿಲ ಮೇಲೆ ಒಳಗೆ ಚಿರತೆ ಇದೆ ಎಂಬ ಎಚ್ಚರಿಕೆಯ ಫಲಕ ಬೇರೆ.

ಭೂಸ್ವಾಧೀನದ ನೋಟೀಸು ರಾಜ್ಯಪತ್ರದಲ್ಲಿ ಪ್ರಕಟವಾಗಿತ್ತು, ಆಕ್ಷೇಪಣೆಯ ಅವಧಿ ಮುಗಿದಿದೆ ಎಂಬ ಮಾತನ್ನು ಒಮ್ಮೆಯಾದರೂ ಕೇಳಿಸಿಕೊಂಡ ರೈತನಿಗೆ ಈ ಪುಟವನ್ನು ಓದಿ ಹೇಳಿದರೆ ಅವನು ವಿಜ್ಞಾನ ಕಾದಂಬರಿ ಎಂದು ಒಪ್ಪಲಾರ. ಇದು ನಮ್ಮ ತಾಲ್ಲೂಕು ಕಚೇರಿಯದೇ ವರದಿ ಎಂದಾನು.

ತಮಾಷೆ ಇಷ್ಟಕ್ಕೇ ನಿಲ್ಲುವುದಿಲ್ಲ. ಆರ್ಥರ್ ಬುಲ್ಡೋಜರಿನ ಮುಂದೆ ಕೆಸರಿನಲ್ಲಿ ಮಲಗಿ ಸತ್ಯಾಗ್ರಹ ಮಾಡುತ್ತಿರುವಾಗ ಅವನ ಗೆಳೆಯ ಫೋರ್ಡ್ ಪ್ರಿಫೆಕ್ಟ್ ಬರುತ್ತಾನೆ. ಈ ಗೆಳೆಯ ಭೂಮಿಯವನೇ ಅಲ್ಲ. ಬೆಟೆಲ್‌ಗ್ಯೂಸ್, ಅಂದರೆ ನಮ್ಮ ಪಂಚಾಂಗದ ಆರ್ದ್ರಾ ನಕ್ಷತ್ರದ ಆಸುಪಾಸಿನವನು. ಭೂಮಿಗೆ ಬಂದು ಹದಿನೈದು ವರ್ಷ ಸಿಕ್ಕಿಹಾಕಿಕೊಂಡಿದ್ದಾನೆ. ಯಾರಿಗೂ ಸಂಶಯ ಬಾರದಿರಲಿ ಎಂದು ತೀರ ಸಾಮಾನ್ಯವಾದ ಹೆಸರೊಂದನ್ನು ಆರಿಸಿಕೊಂಡಿದ್ದಾನೆ. ಅದು ಒಂದು ಕಾರಿನ ಹೆಸರು. ನಮ್ಮಲ್ಲಿ ಯಾರಾದರೂ ಬಂದು ತನ್ನ ಹೆಸರು ಅಂಬಾಸಡರ್ ಎಂದು ಪರಿಚಯ ಮಾಡಿಕೊಂಡ ಹಾಗೆ.

ಇನ್ನು ಹನ್ನೆರಡು ನಿಮಿಷಗಳಲ್ಲಿ ಭೂಮಿಯೇ ಇರುವುದಿಲ್ಲ ಎಂದು ಫೋರ್ಡ್‌ಗೆ ಗೊತ್ತು. ವೋಗನ್ ಎಂಬ ಅನ್ಯಲೋಕದ ಗುಮಾಸ್ತ ಜನಾಂಗ ಬಾಹ್ಯಾಕಾಶದಲ್ಲಿ ಒಂದು ಬೈಪಾಸ್ ಹಾಕುತ್ತಿದೆ, ಭೂಮಿ ಅದಕ್ಕೆ ಅಡ್ಡ ಬಂದಿದೆ. ನಕ್ಷೆ ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ ಐವತ್ತು ವರ್ಷಗಳಿಂದ ಇತ್ತಂತೆ. ಅದು ಇಲ್ಲಿಂದ ನಾಲ್ಕು ಜ್ಯೋತಿರ್ವರ್ಷಕ್ಕೂ ಹೆಚ್ಚು ದೂರ. ಬಂದು ನೋಡದಿದ್ದದ್ದು ಮನುಷ್ಯರ ತಪ್ಪು! ಸಣ್ಣ ಅನ್ಯಾಯಕ್ಕೂ ದೊಡ್ಡ ಅನ್ಯಾಯಕ್ಕೂ ಕಡತದ ಭಾಷೆ ಒಂದೇ ಎಂಬುದನ್ನು ಇಷ್ಟು ನಗಿಸುತ್ತ ಹೇಳಿದವರು ಕಡಿಮೆ.

ರೇಡಿಯೋದಿಂದ ಬಂದ ಪುಸ್ತಕ

ಆಡಮ್ಸ್ ಹುಟ್ಟಿದ್ದು 1952ರ ಮಾರ್ಚ್ 11ರಂದು, ಕೇಂಬ್ರಿಜ್‌ನಲ್ಲಿ. ಆರು ಅಡಿ ಐದು ಅಂಗುಲದ ಆಳು. ಅಲ್ಲಿಯ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ, ವಿಜ್ಞಾನವಲ್ಲ. ಪದವಿಯ ನಂತರ ಹಾಸ್ಯ ಬರೆದು ಬದುಕಬೇಕೆಂದು ಹೊರಟು, ಹೊಟ್ಟೆಪಾಡಿಗೆ ಕೋಳಿ ಗೂಡು ತೊಳೆದದ್ದೂ ಉಂಟು, ಕತಾರ್‌ನ ಶ್ರೀಮಂತ ಅರಬರ ಕೋಣೆಯ ಮುಂದೆ ರಾತ್ರಿ ಕಾವಲು ಕುಳಿತದ್ದೂ ಉಂಟು. ಮಗ ಸಾಹಿತ್ಯ ಓದಿದರೆ ಏನಾದಾನು ಎಂದು ಹೆದರುವ ತಂದೆ ತಾಯಿಗಳು ಇಷ್ಟರಲ್ಲೇ ಪುಟ ಮಗುಚದಿರಲಿ, ಮುಂದೆ ಒಳ್ಳೆಯದಾಯಿತು.

1971ರಲ್ಲಿ ಆತ ದಾರಿಯಲ್ಲಿ ಸಿಕ್ಕ ವಾಹನ ಹತ್ತಿಕೊಂಡು ಯೂರೋಪು ಸುತ್ತುತ್ತಿದ್ದ. ರಸ್ತೆ ಬದಿ ನಿಂತು ಹೆಬ್ಬೆರಳು ಎತ್ತಿ ತೋರಿಸಿ, ನಿಂತ ಲಾರಿಯನ್ನೋ ಕಾರನ್ನೋ ಹತ್ತಿ ಪುಕ್ಕಟೆ ಹೋಗುವುದಕ್ಕೇ 'ಹಿಚ್‌ಹೈಕಿಂಗ್' ಎಂದು ಹೆಸರು. ಕೈಯಲ್ಲಿ ಅಂಥ ಪ್ರಯಾಣಿಕರಿಗಾಗಿ ಬರೆದ ಯೂರೋಪಿನ ಕೈಪಿಡಿ. ಆಸ್ಟ್ರಿಯಾದ ಇನ್ಸ್‌ಬ್ರುಕ್ ಊರಿನ ಹೊಲವೊಂದರಲ್ಲಿ, ಸ್ವಲ್ಪ ಏರಿಸಿಕೊಂಡೇ, ಆಕಾಶ ನೋಡುತ್ತ ಮಲಗಿದ್ದಾಗ ನಕ್ಷತ್ರಲೋಕಕ್ಕೂ ಇಂಥದೊಂದು ಕೈಪಿಡಿ ಬೇಕಲ್ಲ ಎನ್ನಿಸಿತಂತೆ. ಈ ಕಥೆಯನ್ನು ಎಷ್ಟು ಸಲ ಹೇಳಿದೆನೆಂದರೆ ಈಗ ನೆನಪಿರುವುದು ಘಟನೆಯಲ್ಲ, ಹೇಳಿದ್ದು ಮಾತ್ರ ಎಂದು ಆತನೇ ಆಮೇಲೆ ನಕ್ಕಿದ್ದಾನೆ.

1978ರ ಮಾರ್ಚ್ 8, ಬುಧವಾರ ರಾತ್ರಿ ಹತ್ತೂವರೆಗೆ ಬಿಬಿಸಿಯ ರೇಡಿಯೋ 4ರಲ್ಲಿ ಮೊದಲ ಕಂತು ಪ್ರಸಾರವಾಯಿತು. ಜನ ಮಲಗುವ ಹೊತ್ತು, ಪ್ರಚಾರವೂ ಅಷ್ಟಕ್ಕಷ್ಟೆ. ಆದರೂ ಕೇಳಿದವರು ಕೇಳದವರಿಗೆ ಹೇಳಿ, ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಆರು ಕಂತು ಮುಗಿಯುವ ವೇಳೆಗೆ ಆಡಮ್ಸ್‌ಗೆ ಸರಕು ಖಾಲಿಯಾಗಿ, ಕೊನೆಯ ಎರಡನ್ನು ಗೆಳೆಯ ಜಾನ್ ಲಾಯ್ಡ್ ಜೊತೆ ಕೂತು ಬರೆದ. ಮರುವರ್ಷ ಬಂದದ್ದೇ ಕಾದಂಬರಿ. ಬರಹ ಮುಗಿಸುವ ಗಡುವು ಆತನಿಗೆ ಜನ್ಮದ ಶತ್ರು. ಸಾಕುಮಾಡಿ, ಈಗ ಬರೆಯುತ್ತಿರುವ ಪುಟವನ್ನು ಮುಗಿಸಿ ಕೊಡಿ, ಆಳು ಕಳಿಸುತ್ತೇವೆ ಎಂದು ಪ್ರಕಾಶಕರು ಫೋನ್ ಮಾಡಿದ್ದರಿಂದ ಪುಸ್ತಕ ಅಲ್ಲಿಗೇ ನಿಂತಿತು ಎಂಬುದು ಆತನೇ ಹೇಳಿಕೊಂಡ ಕಥೆ. ಓದಿದರೆ ನಂಬಿಕೆಯೂ ಬರುತ್ತದೆ, ಏಕೆಂದರೆ ಕಾದಂಬರಿ ಮುಗಿಯುವುದಿಲ್ಲ, ನಡುದಾರಿಯಲ್ಲಿ ನಿಲ್ಲುತ್ತದೆ. ನಾಲ್ಕನೆಯ ಪುಸ್ತಕದ ಸರದಿ ಬಂದಾಗ ಭಾರತೀಯ ಮೂಲದ ಪ್ರಸಿದ್ಧ ಸಂಪಾದಕ ಸೋನಿ ಮೆಹ್ತಾ ಅವರು ಆತನನ್ನು ಲಂಡನ್ನಿನ ಹೋಟೆಲೊಂದರಲ್ಲಿ ಕೂರಿಸಿ, ತಾವೂ ಅಲ್ಲೇ ಬಿಡಾರ ಹೂಡಿ, ಕಾವಲು ಕಾದು ಬರೆಸಿದರು. ಮನೆಪಾಠ ಮಾಡದ ಹುಡುಗರಿಗೆ ಸಮಾಧಾನವಾಗಲಿ.

ರೇಡಿಯೋದಲ್ಲಿ ಹುಟ್ಟಿದ್ದರ ಗುಣ ಪುಸ್ತಕದಲ್ಲೂ ಉಳಿದಿದೆ. ವಾಕ್ಯಗಳು ಕಿವಿಗಾಗಿ ಬರೆದವು. ಗಟ್ಟಿಯಾಗಿ ಓದಿದಾಗ ನಗು ತಾನಾಗಿ ಬರುತ್ತದೆ, ಕಣ್ಣಲ್ಲೇ ಓಡಿಸಿದರೆ ಅರ್ಧ ತಪ್ಪಿಹೋಗುತ್ತದೆ.

ಕೈಪಿಡಿಯೊಳಗಣ ಕೈಪಿಡಿ

ಕಥೆಯೊಳಗೂ ಇದೇ ಹೆಸರಿನ 'ಗೈಡ್' ಇದೆ. ಕಾಗದದ್ದಲ್ಲ; ದೊಡ್ಡ ಕ್ಯಾಲ್ಕುಲೇಟರಿನಂಥ ಯಂತ್ರ, ಮೇಲೆ ಪುಟ್ಟ ಪರದೆ, ಗುಂಡಿ ಒತ್ತಿದರೆ ವಿಶ್ವದ ಯಾವ ವಿಷಯವಾದರೂ ಮೂಡುತ್ತದೆ. 1970ರ ದಶಕದ ಕೊನೆಯಲ್ಲಿ ಇದು ಶುದ್ಧ ಕಲ್ಪನೆ. ಇವತ್ತು ಮಗಳ ಕೈಯಲ್ಲಿರುವ ಮೊಬೈಲು ನೋಡಿ. ಒಂದು ವ್ಯತ್ಯಾಸ: ಆ ಗೈಡಿನ ರಟ್ಟಿನ ಮೇಲೆ 'ಗಾಬರಿಯಾಗಬೇಡಿ' ಎಂದು ದೊಡ್ಡದಾಗಿ ಬರೆದಿದೆ, ನಮ್ಮ ಮೊಬೈಲು ಬೆಳಗಾದರೆ ಗಾಬರಿಪಡಿಸುವುದನ್ನೇ ಕಸುಬು ಮಾಡಿಕೊಂಡಿದೆ. ಅದರಲ್ಲಿ ಭೂಮಿಯ ಬಗ್ಗೆ ಮೊದಲು ಒಂದೇ ಪದದ ವಿವರಣೆ ಇತ್ತಂತೆ: ನಿರುಪದ್ರವಿ. ಫೋರ್ಡ್ ಹದಿನೈದು ವರ್ಷ ಇಲ್ಲಿದ್ದು ಸಂಶೋಧಿಸಿದ ಮೇಲೆ ಅದು ಎರಡು ಪದವಾಯಿತು. ಬಹುಪಾಲು ನಿರುಪದ್ರವಿ ಎಂದು.

ವಿಶ್ವಸಂಚಾರಿಗೆ ಬೇಕಾದ ಅತಿ ಮುಖ್ಯ ವಸ್ತು ಟವೆಲ್ ಎಂಬುದು ಈ ಗೈಡಿನ ಪ್ರಸಿದ್ಧ ಉಪದೇಶ. ಹೊದೆಯಬಹುದು, ಹಾಸಬಹುದು, ಒದ್ದೆ ಮಾಡಿ ಬೀಸಿ ಹೊಡೆದಾಡಬಹುದು ಎಂದು ಉಪಯೋಗಗಳ ಉದ್ದನೆಯ ಪಟ್ಟಿಯೇ ಇದೆ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ವಿದ್ಯೆ ಮಾತ್ರ ಅದರಲ್ಲಿಲ್ಲ. ಆಡಮ್ಸ್ ಜಾತ್ರೆಯ ದಿನ ನಮ್ಮ ಕಡೆಯ ಯಾವ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತಿದ್ದರೂ ಸಾಕಿತ್ತು.

ಪಾತ್ರಗಳನ್ನೆಲ್ಲ ಇಲ್ಲಿ ಹೇಳಿದರೆ ನಿಮ್ಮ ಓದಿಗೆ ಏನೂ ಉಳಿಯದು. ಮಾರ್ವಿನ್ ಎಂಬ ಯಂತ್ರಮಾನವನನ್ನು ಮಾತ್ರ ಬಿಡಲಾರೆ. ಅವನ ಮಿದುಳು ಒಂದು ಗ್ರಹದಷ್ಟು ದೊಡ್ಡದು; ಅವನಿಗೆ ಒಪ್ಪಿಸುವ ಕೆಲಸ ಬಿದ್ದ ಕಾಗದ ಎತ್ತುವುದು, ಬಂದವರನ್ನು ಒಳಗೆ ಕರೆತರುವುದು. ಸದಾ ಖಿನ್ನ. ಚಿನ್ನದ ಪದಕ ಗಳಿಸಿ ರಬ್ಬರ್ ಮೊಹರು ಒತ್ತುತ್ತ ಕುಳಿತವರನ್ನು ಕಂಡ ನಮಗೆ ಅವನು ಅಪರಿಚಿತನೇನಲ್ಲ. ಇನ್ನು ವೋಗನ್ನರ ಕವಿತೆ: ವಿಶ್ವದಲ್ಲೇ ಕೆಟ್ಟ ಕಾವ್ಯಗಳ ಪಟ್ಟಿಯಲ್ಲಿ ಅದಕ್ಕೆ ಮೂರನೇ ಸ್ಥಾನ. ಕೈದಿಗಳನ್ನು ಕುರ್ಚಿಗೆ ಕಟ್ಟಿ ಕವಿತೆ ಕೇಳಿಸುತ್ತಾರೆ. ಕವಿಗೋಷ್ಠಿಯ ಮುಂದಿನ ಸಾಲಿನಲ್ಲಿ ಸಿಕ್ಕಿಬಿದ್ದು ಎದ್ದು ಹೋಗಲಾಗದೆ ಕುಳಿತವರಿಗೆ ಆ ಅಧ್ಯಾಯ ವಿಶೇಷ ರುಚಿಸೀತು.

ನನಗೆ ಬಹಳ ಹಿಡಿಸುವುದು ತಿಮಿಂಗಿಲದ ಪ್ರಸಂಗ. ನಾಯಕರ ವ್ಯೋಮನೌಕೆ ಅಸಂಭವವಾದುದನ್ನು ಸಂಭವಿಸುವಂತೆ ಮಾಡುವ ಯಂತ್ರದಿಂದ ಓಡುತ್ತದೆ. ಅದರ ಮಹಿಮೆಯಿಂದ, ಬೆನ್ನಟ್ಟಿ ಬಂದ ಎರಡು ಕ್ಷಿಪಣಿಗಳಲ್ಲಿ ಒಂದು ಹೂವಿನ ಕುಂಡವಾಗಿ ಇನ್ನೊಂದು ತಿಮಿಂಗಿಲವಾಗಿ ಮಾರ್ಪಡುತ್ತವೆ. ಅದೂ ಅಪರಿಚಿತ ಗ್ರಹವೊಂದರ ಮೇಲೆ, ಮೈಲುಗಟ್ಟಲೆ ಎತ್ತರದಲ್ಲಿ. ತಿಮಿಂಗಿಲಕ್ಕೆ ಆಗಷ್ಟೇ ಜೀವ ಬಂದಿದೆ. ನಾನು ಯಾರು, ಯಾಕೆ ಬಂದೆ ಎಂದು ಯೋಚಿಸುತ್ತ, ಬಾಲಕ್ಕೆ, ಗಾಳಿಗೆ ಹೆಸರಿಡುತ್ತ, ಕೆಳಗಿನಿಂದ ರಭಸವಾಗಿ ಬರುತ್ತಿರುವ ವಿಶಾಲವಾದ ಆ ವಸ್ತು ನನ್ನ ಸ್ನೇಹಿತನಾದೀತೇ ಎಂದು ಆಸೆಪಡುತ್ತ ಬೀಳುತ್ತದೆ. ಆ ವಸ್ತು ನೆಲ. ಓದುವ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಎರಡನೆಯ ಸಲ ಓದಿದಾಗ ಸ್ವಲ್ಪ ಸುಮ್ಮನಾಗುತ್ತಾರೆ.

ಉತ್ತರ 42

ಇನ್ನು ಆ ಪ್ರಖ್ಯಾತ ಉತ್ತರದ ವಿಷಯ. ಮಹಾಬುದ್ಧಿಯ ಜೀವಿಗಳ ಒಂದು ಜನಾಂಗ ಜೀವನ, ಜಗತ್ತು, ಮತ್ತು ಉಳಿದೆಲ್ಲದರ ಅರ್ಥ ತಿಳಿಯಲು ಡೀಪ್ ಥಾಟ್ ಎಂಬ ಗಣಕಯಂತ್ರ ಕಟ್ಟುತ್ತದೆ. ಅದು 75 ಲಕ್ಷ ವರ್ಷ ಚಿಂತಿಸಿ ಹೇಳುವ ಉತ್ತರ, 42. ಕೇಳಿದವರು ಕಂಗಾಲು. ಲೆಕ್ಕ ಸರಿಯಾಗಿದೆ, ನೀವು ಪ್ರಶ್ನೆ ಏನೆಂದು ಸರಿಯಾಗಿ ಕೇಳಲೇ ಇಲ್ಲ ಎನ್ನುತ್ತದೆ ಯಂತ್ರ. ಪ್ರಶ್ನೆ ಕಂಡುಹಿಡಿಯಲು ಇನ್ನೂ ದೊಡ್ಡ ಯಂತ್ರ ಬೇಕು. ಅದೇ ನಮ್ಮ ಭೂಮಿ. ಒಂದು ಕೋಟಿ ವರ್ಷದ ಲೆಕ್ಕ ಮುಗಿಯಲು ಇನ್ನು ಐದೇ ನಿಮಿಷ ಇರುವಾಗ ವೋಗನ್ನರು ಬಂದು ಬೈಪಾಸಿಗಾಗಿ ಕೆಡವಿಬಿಟ್ಟರು.

ಮೊದಲ ಸಾಲಿನಲ್ಲಿ ಹೇಳಿದ ನಮ್ಮ ಪರೀಕ್ಷಾ ಗೈಡಿಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಿರಾ?

42ಕ್ಕೆ ಗೂಢಾರ್ಥ ಹುಡುಕಿದವರು ಲೆಕ್ಕವಿಲ್ಲ. ಎರಡನೇ ಪುಸ್ತಕದ ಕೊನೆಯಲ್ಲಿ ಆರ್ಥರ್ ಅಕ್ಷರದ ಬಿಲ್ಲೆಗಳನ್ನು ಕುರುಡಾಗಿ ತೆಗೆದು ಪ್ರಶ್ನೆಯನ್ನು ತಿಳಿಯಲು ಯತ್ನಿಸಿದಾಗ ಸಿಗುವುದು ಆರು ಒಂಬತ್ತಲ ಎಷ್ಟು ಎಂಬ ಪ್ರಶ್ನೆ. ಮಗ್ಗಿ ಬಲ್ಲವರಿಗೆ ಗೊತ್ತು, ಅದು 54. ಆದರೆ ಜಾಣ ಓದುಗನೊಬ್ಬ ಬೆರಳು ಮಡಿಸಿ ನೋಡಿದರೆ ಒಂದು ಚೋದ್ಯ ಕಾಣುತ್ತದೆ. ನಾವು ಹತ್ತರ ಬದಲು ಹದಿಮೂರರ ಮೂಲದಲ್ಲಿ ಎಣಿಸಿದರೆ 42 ಎಂದರೆ ನಾಲ್ಕು ಹದಿಮೂರು ಮತ್ತು ಎರಡು, ಅಂದರೆ ನಮ್ಮ 54! ಆಡಮ್ಸ್‌ಗೆ ಇದು ತಿಳಿದೇ ಇರಲಿಲ್ಲ. 1993ರಲ್ಲಿ ಆತ ಸ್ಪಷ್ಟಪಡಿಸಿದ್ದು ಇಷ್ಟು: ಒಂದು ಸಾಧಾರಣ ಸಣ್ಣ ಸಂಖ್ಯೆ ಬೇಕಿತ್ತು, ಕಿಟಕಿಯಾಚೆ ತೋಟ ನೋಡುತ್ತ ಕೂತಿದ್ದಾಗ 42 ಸಾಕೆನ್ನಿಸಿತು, ಬರೆದ.

ಆದರೂ ಗಣಿತದವರು ಆ ಸಂಖ್ಯೆಯನ್ನು ಬಿಡಲಿಲ್ಲ. ಮೂರು ಪೂರ್ಣಾಂಕಗಳ ಘನಗಳನ್ನು ಕೂಡಿ ಒಂದು ಸಂಖ್ಯೆಯನ್ನು ಪಡೆಯುವ ಹಳೆಯ ಸಮಸ್ಯೆಯೊಂದಿದೆ. 29 ಸುಲಭ: ಮೂರರ ಘನ 27, ಅದಕ್ಕೆ ಒಂದರ ಘನವನ್ನು ಎರಡು ಸಲ ಕೂಡಿಸಿ. ಋಣ ಸಂಖ್ಯೆಗಳನ್ನೂ ಬಳಸಬಹುದು. ಒಂಬತ್ತರಿಂದ ಭಾಗಿಸಿದಾಗ ಶೇಷ ನಾಲ್ಕೋ ಐದೋ ಬರುವ ಸಂಖ್ಯೆಗಳಿಗೆ ಇದು ಸಾಧ್ಯವೇ ಇಲ್ಲ. ಏಕೆಂದು ಹತ್ತನೇ ತರಗತಿಯವರು ಕಾಗದ ಪೆನ್ಸಿಲ್ ಹಿಡಿದು ಕೂತರೆ ತಾವೇ ಕಂಡುಕೊಳ್ಳಬಹುದು. ಉಳಿದವುಗಳಲ್ಲಿ ನೂರಕ್ಕಿಂತ ಕೆಳಗೆ ಕೊನೆಯವರೆಗೂ ಸತಾಯಿಸಿದವು 33 ಮತ್ತು 42. 2019ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಬುಕರ್ 33ನ್ನು ಬಿಡಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರೂ ಅಮೆರಿಕದ ಎಂಐಟಿಯ ಆಂಡ್ರ್ಯೂ ಸದರ್ಲೆಂಡ್ ಅವರೂ ಸೇರಿ 42ನ್ನು ಬಿಡಿಸಿದರು. ಸಿಕ್ಕ ಮೂರೂ ಸಂಖ್ಯೆಗಳಲ್ಲಿ ತಲಾ 17 ಅಂಕಿಗಳಿವೆ. ಜಗತ್ತಿನ ನಾನಾ ಮೂಲೆಗಳ ಮನೆಗಣಕಗಳು ಬಿಡುವಾಗಿದ್ದ ಹೊತ್ತಿನಲ್ಲಿ, ಒಟ್ಟು ಹತ್ತು ಲಕ್ಷ ಗಂಟೆಗೂ ಮೀರಿ ಲೆಕ್ಕ ಮಾಡಿದ್ದವು. ಇಡೀ ಭೂಮಿಯೇ ಗಣಕವಾಗಿ 42ರ ಹಿಂದೆ ಬಿದ್ದದ್ದು ಹೀಗೆ ನಿಜವೂ ಆಯಿತು.

ಓದಿ ಬೆಳೆದವರು ತಮ್ಮ ಪ್ರೀತಿಯನ್ನು ಇನ್ನೂ ಹಲವು ಕಡೆ ಗೀಚಿಟ್ಟಿದ್ದಾರೆ. 1997ರಲ್ಲಿ ಚೆಸ್ ಚಾಂಪಿಯನ್ ಕ್ಯಾಸ್ಪರೋವ್‌ನನ್ನು ಸೋಲಿಸಿದ ಡೀಪ್ ಬ್ಲೂ ಯಂತ್ರದ ಪೂರ್ವಜನ ಹೆಸರು ಡೀಪ್ ಥಾಟ್. 2018ರ ಫೆಬ್ರುವರಿಯಲ್ಲಿ ಫಾಲ್ಕನ್ ಹೆವಿ ರಾಕೆಟ್ಟು ಸೂರ್ಯನ ಸುತ್ತ ತಿರುಗಲು ಕಳಿಸಿದ ಕಾರಿನ ಪರದೆಯ ಮೇಲೆ ಗಾಬರಿ ಬೇಡವೆಂಬ ಆ ಮಾತೇ ಇತ್ತು. ಒಂದು ಕ್ಷುದ್ರಗ್ರಹದ ತಾತ್ಕಾಲಿಕ ಹೆಸರು '2001 ಡಿಎ42' ಎಂದಿತ್ತು. ಆಡಮ್ಸ್ ಹೃದಯಾಘಾತದಿಂದ ತೀರಿಕೊಂಡದ್ದು 2001ರ ಮೇ 11ರಂದು, 49ನೇ ವಯಸ್ಸಿನಲ್ಲಿ. ತೀರಿದ ವರ್ಷ, ಹೆಸರಿನ ಮೊದಲಕ್ಷರಗಳು, ಜೊತೆಗೆ 42. ಖಗೋಳಜ್ಞರು 2005ರಲ್ಲಿ ಅದಕ್ಕೆ ಆತನ ಹೆಸರನ್ನೇ ಇಟ್ಟರು.

ಓದಿದರೆ ಏನು ಬರುತ್ತದೆ?

ತಂದೆ ತಾಯಿಗಳ ಪ್ರಶ್ನೆ ಇದು, ಕೇಳಿದ್ದರಲ್ಲಿ ತಪ್ಪಿಲ್ಲ. ಫೀಸು ಕಟ್ಟುವವರು ಅವರು. ಇದನ್ನು ಓದಿದರೆ ಇಂಗ್ಲಿಷ್ ಸುಧಾರಿಸುತ್ತದೆ, ಸಿಇಟಿಯಲ್ಲಿ ರ‍್ಯಾಂಕು ಬರುತ್ತದೆ ಎಂದು ಆಸೆ ತೋರಿಸಬಹುದು. ತೋರಿಸಿದ ಕ್ಷಣವೇ ಅದು ಇನ್ನೊಂದು ಟ್ಯೂಷನ್ನಾಗುತ್ತದೆ, ಹುಡುಗ ಪುಸ್ತಕ ಮುಚ್ಚುತ್ತಾನೆ. ಒಂಬತ್ತನೇ ತರಗತಿಯವರೆಗೆ ಸಿಕ್ಕಿದ್ದೆಲ್ಲ ಓದುತ್ತಿದ್ದ ಎಷ್ಟೋ ಮಕ್ಕಳು ಪಿಯುಸಿ ಮುಗಿಯುವಷ್ಟರಲ್ಲಿ ಪುಸ್ತಕ ಕಂಡರೆ ಆಕಳಿಸುವಂತಾಗುವುದನ್ನು ನಾವು ಮನೆ ಮನೆಗಳಲ್ಲಿ ಕಾಣುತ್ತಿದ್ದೇವೆ. ಓದು ಎಂದರೆ ಅಂಕ ಎಂದು ಒಮ್ಮೆ ಮನಸ್ಸಿಗೆ ಹತ್ತಿಬಿಟ್ಟರೆ, ಕೊನೆಯ ಪರೀಕ್ಷೆಯ ಮರುದಿನ ಓದೂ ಮುಗಿಯಿತು. ಆಮೇಲೆ ನಲವತ್ತು ಐವತ್ತು ವರ್ಷದ ಬದುಕಿದೆಯಲ್ಲ, ಅದನ್ನು ಯಾವ ಪುಸ್ತಕದ ಜೊತೆ ಕಳೆಯುವುದು?

ವಿಜ್ಞಾನವೂ ನಗೆಯೂ ಜೊತೆಯಲ್ಲಿ ನಡೆಯುವುದು ಕನ್ನಡಿಗರಿಗೆ ಹೊಸದಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ಪ್ರವಾಸವನ್ನು ಹೇಳುತ್ತಲೇ ಹೊಟ್ಟೆ ಹುಣ್ಣಾಗಿಸುತ್ತದೆ. ಆಡಮ್ಸ್‌ನ ಪುಸ್ತಕ ಬಂದ ಮರುವರ್ಷ, 1980ರಲ್ಲಿ, ತೇಜಸ್ವಿಯವರ 'ಕರ್ವಾಲೊ' ಬಂತು. ಹಾರುವ ಓತಿಯನ್ನು ಅರಸಿ ಪಶ್ಚಿಮ ಘಟ್ಟದ ಕಾಡು ಹೊಕ್ಕುವ ಆ ತಂಡದ ಮಂದಣ್ಣನನ್ನೂ ಕಿವಿ ಎಂಬ ನಾಯಿಯನ್ನೂ ಮರೆತವರುಂಟೇ? ಇಂಗ್ಲಿಷ್ ಇನ್ನೂ ಭಾರವೆನಿಸುವ ಮಕ್ಕಳಿಗೆ ಮೊದಲು ಇದನ್ನೇ ಕೊಡಿ. ಮಂದಣ್ಣನ ಪಾತ್ರಚಿತ್ರಣ ಮಾಡು ಎಂದು ಮಾತ್ರ ಕೇಳಬೇಡಿ.

ಆಡಮ್ಸ್‌ನನ್ನು ಓದಲು ಹೊರಟವರಿಗೆ ಒಂದೆರಡು ಮಾತು. ಇಂಗ್ಲಿಷ್ ಕಷ್ಟವಲ್ಲ, ಆದರೆ ವಾಕ್ಯಗಳು ಸುತ್ತಿ ಬಳಸಿ ಬಂದು ಕೊನೆಯ ಪದದಲ್ಲಿ ಕಚಗುಳಿ ಇಡುತ್ತವೆ. ನಿಘಂಟು ಪಕ್ಕದಲ್ಲಿಟ್ಟುಕೊಂಡರೆ ನಗು ಕೆಟ್ಟಿತು. ಗೊತ್ತಿಲ್ಲದ ಪದವನ್ನು ದಾಟಿ ಹೋಗಿ. ಎಷ್ಟೋ ಪದಗಳು ಆತನೇ ಕಟ್ಟಿದವು, ನಿಘಂಟಿನಲ್ಲಿ ಸಿಗುವುದೂ ಇಲ್ಲ. ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ ಅತ್ಯುತ್ತಮ. ಬಿಯರ್ ಅಂಗಡಿಯ ದೃಶ್ಯವೊಂದು, ಕುಡಿತದ ತಮಾಷೆ ಅಲ್ಲಲ್ಲಿ ಇದೆ; ಹೈಸ್ಕೂಲು ಮಕ್ಕಳಿಗೆ ಕೊಡಲು ಅಳುಕುವಂಥದ್ದೇನಲ್ಲ. ದೋಷಗಳೂ ಇವೆ. ಇರುವ ಒಬ್ಬಳೇ ಮುಖ್ಯ ಹೆಣ್ಣು ಪಾತ್ರ ಟ್ರಿಲಿಯನ್ ಎಲ್ಲರಿಗಿಂತ ಬುದ್ಧಿವಂತೆಯಾದರೂ ಅವಳಿಗೆ ಕೆಲಸವೇ ಕೊಟ್ಟಿಲ್ಲ. ಕಥೆಯೆಂಬ ದಾರ ಬಹಳ ಸಡಿಲ. ಒಟ್ಟು ಐದು ಪುಸ್ತಕಗಳಲ್ಲಿ 1992ರಲ್ಲಿ ಬಂದ ಕೊನೆಯದು ನಗಿಸುವುದಕ್ಕಿಂತ ಮನಸ್ಸು ಕುಗ್ಗಿಸುತ್ತದೆ. 2005ರಲ್ಲಿ ಬಂದ ಸಿನಿಮಾವನ್ನು ಓದುವ ಮೊದಲು ನೋಡದಿರುವುದು ಲೇಸು.

ಮುಗಿಸಿದ ಮೇಲೆ ಇನ್ನೂ ಬೇಕೆನಿಸಿದರೆ ಆತನದೇ 'ಲಾಸ್ಟ್ ಚಾನ್ಸ್ ಟು ಸೀ' ಹುಡುಕಿ. ಪ್ರಾಣಿಶಾಸ್ತ್ರಜ್ಞ ಮಾರ್ಕ್ ಕಾರ್ವರ್ಡೀನ್ ಜೊತೆ, ಅಳಿವಿನ ಅಂಚಿನಲ್ಲಿದ್ದ ಜೀವಿಗಳನ್ನು ನೋಡಲು ಜಗತ್ತು ಸುತ್ತಿ ಬರೆದದ್ದು, 1990ರಲ್ಲಿ ಬಂತು. ಇದು ಕಾದಂಬರಿಯಲ್ಲ, ಆದರೆ ಧಾಟಿ ಅದೇ. ಕಾದಂಬರಿಯಲ್ಲಿ ಡಾಲ್ಫಿನ್‌ಗಳು ಭೂಮಿ ನಾಶವಾಗುವುದನ್ನು ಮೊದಲೇ ತಿಳಿದು ಮೀನಿಗಾಗಿ ಥ್ಯಾಂಕ್ಸ್ ಹೇಳಿ ಹೊರಟುಹೋಗುತ್ತವೆ. ಇಲ್ಲಿ ಆತ ಚೀನದ ಯಾಂಗ್‌ಟ್ಸೆ ನದಿಯಲ್ಲಿ, ದೋಣಿಗಳ ಸದ್ದಿನ ನಡುವೆ ಬದುಕುತ್ತಿದ್ದ ಬೈಜಿ ಎಂಬ ಬಹುಮಟ್ಟಿಗೆ ಕುರುಡಾದ ಡಾಲ್ಫಿನ್‌ಗಾಗಿ ಹುಡುಕುತ್ತಾನೆ. 2006ರಲ್ಲಿ ವಿಜ್ಞಾನಿಗಳು ವಾರಗಟ್ಟಲೆ ಆ ನದಿಯನ್ನು ಜಾಲಾಡಿದಾಗ ಒಂದೂ ಸಿಗಲಿಲ್ಲ.

ಕ್ರಿಕೆಟ್ ಹುಚ್ಚಿನ ಮಕ್ಕಳಿದ್ದರೆ ಮೂರನೇ ಪುಸ್ತಕ 'ಲೈಫ್, ದಿ ಯೂನಿವರ್ಸ್ ಅಂಡ್ ಎವೆರಿಥಿಂಗ್' ಅನ್ನು ಮಿಸುಕಾಡದೆ ಕೈಗಿಡಿ. ಲಾರ್ಡ್ಸ್ ಮೈದಾನದಲ್ಲಿ ಪಂದ್ಯ ನಡೆಯುತ್ತಿರುವಾಗ ಬಿಳಿಯ ಯಂತ್ರಮಾನವರು ಬ್ಯಾಟು ಹಿಡಿದು ಆಕಾಶದಿಂದ ಇಳಿದು ಆಶಸ್ ಟ್ರೋಫಿಯನ್ನೇ ಎಗರಿಸಿಕೊಂಡು ಹೋಗುತ್ತಾರೆ. ಕ್ರಿಕೆಟ್ ಆಟವೇ ಹಳೆಯದೊಂದು ಬ್ರಹ್ಮಾಂಡ ಯುದ್ಧದ ಮಸುಕು ನೆನಪಂತೆ. ಬೇರೆ ಲೋಕದವರೆಲ್ಲ ಇಂಗ್ಲಿಷರ ಈ ಅಭಿರುಚಿಯನ್ನು ಕಂಡು ಅಸಹ್ಯಪಡುತ್ತಾರಂತೆ. ಅಮೆರಿಕದ ಓದುಗರು ಈ ಭಾಗದಲ್ಲಿ ತಲೆ ಕೆರೆದುಕೊಂಡಾರು. ನಮ್ಮ ಗಲ್ಲಿಯ ಹುಡುಗರಿಗೆ ಅಡಿಟಿಪ್ಪಣಿ ಬೇಕಾಗುವುದಿಲ್ಲ.